ಐದು ಪಟ, ಎರಡು ದಾರ

ಚಿತ್ತವಾಡ್ಗಿಯಲ್ಲಿ ನಮ್ಮ ಓಣಿಯ ತುದಿಗೆ ಹುಲುಗಪ್ಪ ಕೊಡೆ ರಿಪೇರಿ ಮಾಡುತ್ತಿದ್ದ. ಮಳೆಗಾಲ ಮುಗಿದರೆ ಸ್ಟೋವು, ಟಾರ್ಚು, ಸೂಟ್‌ಕೇಸಿನ ಬೀಗ. ನಲವತ್ತರ ಹತ್ತಿರ ಬಂದರೂ ಅವನಿಗೆ ಗಾಳಿಪಟದ ಹುಚ್ಚು ಬಿಟ್ಟಿರಲಿಲ್ಲ. ಎಂಬತ್ತರ ದಶಕದಲ್ಲಿ ಒಮ್ಮೆ ಹಂಪಿಗೆ ಹೋದಾಗ, ಹೇಮಕೂಟದ ಬಂಡೆಯ ಮೇಲೆ ಒಬ್ಬ ವಿದೇಶಿಯವನು ಎರಡು ಕೈಯಲ್ಲಿ ಎರಡು ದಾರ ಹಿಡಿದು ಪಟ ಆಡಿಸುವುದನ್ನು ಕಂಡ. ಎಡದ ದಾರ ಜಗ್ಗಿದರೆ ಪಟ ಎಡಕ್ಕೆ, ಬಲದ್ದು ಜಗ್ಗಿದರೆ ಬಲಕ್ಕೆ. ಹುಲುಗಪ್ಪ ಊಟ ಮರೆತು ಸಂಜೆಯವರೆಗೆ ಅಲ್ಲೇ ಕುಳಿತಿದ್ದ.

ಮರುದಿನದಿಂದಲೇ ಶುರು ಮಾಡಿದ. ಹರಿದ ಕೊಡೆಗಳ ಕಪ್ಪು ಬಟ್ಟೆ, ಬಿದಿರು ಕಡ್ಡಿ, ಬಲೆ ಹೆಣೆಯುವ ನೈಲಾನ್ ದಾರ. ವರ್ಷದೊಳಗೆ ಐದು ಪಟಗಳಾದವು. ದೊಡ್ಡದು ಚಾಚಿದ ತೋಳುಗಳಷ್ಟು ಅಗಲ, ಚಿಕ್ಕದು ಊಟದ ತಟ್ಟೆಯಷ್ಟು. ದೊಡ್ಡದರ ಹಿಂದೆ ಉಳಿದವನ್ನು ಮೊಳಕ್ಕೊಂದರಂತೆ ದಾರದಿಂದ ಜೋಡಿಸಿ ಐದನ್ನೂ ಒಟ್ಟಿಗೆ ಏರಿಸುತ್ತಿದ್ದ. ಅವನ ಕೈಗೆ ಬರುವುದು ಎರಡೇ ದಾರ. ಅವುಗಳ ತುದಿಗೆ ಕೊಡೆಯ ಹಿಡಿಕೆ ಕಟ್ಟಿದ್ದ.

ಅಕ್ಕ ನಿಂಗಕ್ಕನಿಗೆ ಇದು ಹಿಡಿಸುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಹುಲುಗಪ್ಪನನ್ನು ಬೆಳೆಸಿದವಳು ಅವಳೇ. ಕಂಪ್ಲಿಗೆ ಮದುವೆಯಾಗಿ ಹೋಗಿದ್ದಳು. ಅವನು ಕಂಡಾಗಲೆಲ್ಲ, "ಮಕ್ಳು ಆಡೋದು ನಿನಗ್ಯಾಕ್ಲೇ? ಒಂದು ಲಗ್ನ ಆಗು, ತಲಿ ನೆಟ್ಟಗಾಗ್ತದ" ಅನ್ನುತ್ತಿದ್ದಳು.

ಒಂದು ಶ್ರಾವಣದಲ್ಲಿ ಹುಲುಗಪ್ಪ ಕಂಪ್ಲಿ ಸಂತೆಗೆ ಕೊಡೆ ರಿಪೇರಿಗೆಂದು ಹೋದ. ಹೊಳೆ ದಂಡೆಯ ಗಾಳಿ ಚೆನ್ನಾಗಿರುತ್ತದೆಂದು ಪಟಗಳನ್ನೂ ಚೀಲದಲ್ಲಿ ಒಯ್ದಿದ್ದ. ಅಕ್ಕನ ಮನೆಯಲ್ಲಿ ಯಾರೂ ಇರಲಿಲ್ಲ. ಜನ ದಂಡೆಯ ಕಡೆ ಓಡುತ್ತಿದ್ದರು.

ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆಂದು ಹಿಂದಿನ ದಿನವೇ ಡಂಗುರ ಸಾರಿದ್ದರು. ಸಂಜೆಯೊಳಗೇನೂ ಬಾರದು ಎಂದುಕೊಂಡು ನಿಂಗಕ್ಕ ಮತ್ತು ನೆರೆಮನೆಯ ಜಂಬವ್ವ ಮೊಣಕಾಲುದ್ದದ ನೀರು ದಾಟಿ ನಡುಗಡ್ಡೆಗೆ ಹುಲ್ಲು ಕೊಯ್ಯಲು ಹೋಗಿದ್ದರು. ಮಧ್ಯಾಹ್ನಕ್ಕೇ ನೀರು ಏರಿತು. ಈಗ ಗಡ್ಡೆಯಲ್ಲಿ ಉಳಿದದ್ದು ಒಂದು ಜಾಲಿಮರ, ಅದರ ಸುತ್ತ ಒಂದಿಷ್ಟು ನೆಲ, ಇಬ್ಬರು ಹೆಂಗಸರು.

ಅಂಬಿಗ ಹನುಮಣ್ಣ ಹರಿಗೋಲು ತಂದಿದ್ದ, ನೀರಿಗಿಳಿಸಿರಲಿಲ್ಲ.

"ಈ ಸೆಳವಿಗೆ ಹುಟ್ಟು ನಿಲ್ಲಂಗಿಲ್ಲಪ. ಆ ಜಾಲಿಗಿಡಕ್ಕ ಒಂದು ಹಗ್ಗ ಬಿಗದಿದ್ರ ಅದನ್ನ ಹಿಡ್ಕಂಡು ಹೋಗಿ ಬರ್ತೀನಿ. ಆದ್ರ ಹಗ್ಗ ಒಯ್ಯೋರು ಯಾರು?"

ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದು ನೋಡಿದ್ದರು. ನಲವತ್ತು ಮಾರು ನೀರಿನಲ್ಲಿ ಅದು ಕಾಲು ಭಾಗವೂ ಹೋಗಿರಲಿಲ್ಲ.

ಹುಲುಗಪ್ಪ ಗಾಳಿ ನೋಡಿದ. ಅದು ದಂಡೆಯಿಂದ ಗಡ್ಡೆಯ ಕಡೆಗೇ ಬೀಸುತ್ತಿತ್ತು. ಚೀಲ ಬಿಚ್ಚಿದ.

ಗಾಳಿ ಜೋರಿದೆಯೆಂದು ಹೆದರಿ ಮೊದಲು ಮೂರೇ ಪಟ ಏರಿಸಿದ. ಮೂವತ್ತು ಮಾರು ಹೋಗುವಷ್ಟರಲ್ಲಿ ದಾರದ ಭಾರಕ್ಕೆ ಅವು ತಗ್ಗಿ ನೀರಿಗೆ ಬಿದ್ದವು. ಯಾರೋ "ಬಿಡಪ, ಆಗಂಗಿಲ್ಲ" ಅಂದರು. ಹುಲುಗಪ್ಪ ಪಟಗಳನ್ನು ಎಳೆದುಕೊಂಡ, ಒದ್ದೆ ಬಟ್ಟೆ ಕೊಡವಿದ, ಉಳಿದೆರಡನ್ನೂ ಹಿಂದಕ್ಕೆ ಕಟ್ಟಿದ.

"ಹನುಮಣ್ಣ, ನನ್ನ ನಡ ಗಟ್ಟಿ ಹಿಡ್ಕ."

ಐದೂ ಒಮ್ಮೆಲೇ ಗಾಳಿ ತುಂಬಿಕೊಂಡವು. ಇಬ್ಬರೂ ನಾಲ್ಕು ಹೆಜ್ಜೆ ನೀರಿನತ್ತ ಜಾರಿದರು. ಹಿಡಿಕೆಗಳಿಂದ ಬಿಚ್ಚಿಕೊಳ್ಳುತ್ತಿದ್ದ ದಾರ ಹುಲುಗಪ್ಪನ ಎರಡೂ ಅಂಗೈ ಕೊಯ್ಯಿತು. ಪಟಗಳು ಮಾತ್ರ ನೆಟ್ಟಗೆ ಹೋಗಿ ಜಾಲಿಮರದ ಮೇಲೆ ನಿಂತವು. ಇನ್ನು ಇಳಿಸಬೇಕು. ಗಡ್ಡೆ ತಪ್ಪಿದರೆ ಹೊಳೆಯ ಪಾಲು. ಅವನು ಬಲದ ದಾರ ಜಗ್ಗಿದ. ಐದೂ ಸಾಲಾಗಿ ಬಲಕ್ಕೆ ವಾಲಿ, ಸರ್ರನೆ ಇಳಿದು ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡವು.

ನಿಂಗಕ್ಕ ದಾರಕ್ಕೆ ಕೈ ಹಾಕಿದಳು. ಹುಲುಗಪ್ಪ ಈ ತುದಿಗೆ ತೆಳು ಹಗ್ಗ, ಅದರ ತುದಿಗೆ ದಪ್ಪ ಹಗ್ಗ ಕಟ್ಟಿದ. ಆ ಇಬ್ಬರು ಹೆಂಗಸರು ಕಾಲೂರಿ ಎಳೆದೆಳೆದು ಮರದ ಬುಡಕ್ಕೆ ಬಿಗಿಯುವಷ್ಟರಲ್ಲಿ ನೀರು ಅವರ ಪಾದ ಮುಟ್ಟಿತ್ತು. ಹನುಮಣ್ಣ ಹಗ್ಗ ಹಿಡಿದುಕೊಂಡೇ ಹರಿಗೋಲು ನಡೆಸಿದ. ಮೊದಲು ಜಂಬವ್ವ ಬಂದಳು. ಎರಡನೇ ಸಲ ಹರಿಗೋಲು ಹೋಗಿ ಬರುವ ತನಕ ಹುಲುಗಪ್ಪ ದಂಡೆಯಲ್ಲಿ ಕುಳಿತೇ ಇದ್ದ.

ನಿಂಗಕ್ಕ ಇಳಿದು ಬಂದವಳೇ ಅವನ ಮುಂದೆ ಕುಕ್ಕರಿಸಿದಳು. ಅವನ ಅಂಗೈ ತಿರುಗಿಸಿ ನೋಡಿದಳು.

"ಊಟ ಮಾಡಿಯೇನು?" ಎಂದು ಕೇಳಿದಳು.

"ಇಲ್ಲಬೇ."

"ನಡಿ ಮತ್ತ."

ಮನೆಯಲ್ಲಿ ಅವನ ಅಂಗೈಗಳಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು. ಕೈಗೆ ತುತ್ತು ಹಿಡಿಯಲಾಗದ್ದರಿಂದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ತಾನೇ ಬಾಯಿಗಿಟ್ಟಳು. ಮೂರನೇ ರೊಟ್ಟಿಗೆ ಹುಲುಗಪ್ಪ ಸಾಕೆಂದು ತಲೆಯಾಡಿಸಿದ. ಅವಳು ಕೇಳಲಿಲ್ಲ. ಹೊರಗೆ ಜಂಬವ್ವ ನೆರೆಯವರಿಗೆಲ್ಲ ನಡೆದದ್ದನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಅದನ್ನು ಕೇಳುತ್ತಾ ಅವನು ಗೋಡೆಗೊರಗಿದಲ್ಲೇ ನಿದ್ದೆ ಹೋದ.