ಅರಸೀಕೆರೆ ಇಲ್ಲದ ಗಾಡಿ

ನಮ್ಮ ಬೀದಿಯಲ್ಲಿ ಕರೆಂಟ್ ಬಂತು ಎಂಬುದು ಒಂದು ಕಾಲಕ್ಕೆ ನನ್ನ ಬೈಗುಳದಿಂದ ತಿಳಿಯುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಅರಸೀಕೆರೆಯಲ್ಲಿ ಆಗ ಹಗಲಿಗೆ ಎರಡು ಮೂರು ಸಲ ಕರೆಂಟ್ ಹೋಗಿ ಬರುತ್ತಿತ್ತು. ಬಂದ ಕೂಡಲೇ ನಮ್ಮ ನಡುಮನೆಯಿಂದ, "ಮಾವ, ಕೇಳಿಸ್ತಿದೆಯಾ? ಅಯ್ಯೋ, ಹೂಂ ಅನ್ನಿ ಅಂದ್ರೆ ತಲೆ ಆಡಿಸ್ತೀರಲ್ಲ! ನಾನು ಗೋಡೆ ಕಡೆ ತಿರುಗಿ ಕೂತಿದೀನಿ, ನಿಮ್ಮ ತಲೆ ನನಗೆ ಹೆಂಗ್ ಕಾಣ್ಬೇಕು?" ಎಂದು ನನ್ನ ದನಿ ಜೋರಾಗಿ ಹೊರಡುತ್ತಿತ್ತು. ಆ ಹೊತ್ತಿಗೆ ನಾನು ಮನೆಯಲ್ಲೇ ಇರುತ್ತಿರಲಿಲ್ಲ, ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಿರುತ್ತಿದ್ದೆ. ಎದುರುಮನೆಯಾಕೆ ನನ್ನ ಕೂಗು ಕೇಳಿ ನೀರಿನ ಮೋಟರ್ ಹಾಕುತ್ತಿದ್ದಳು.

ಆ ದನಿ ಬರುತ್ತಿದ್ದದ್ದು ಹಾಡಿನ ಪೆಟ್ಟಿಗೆಯಿಂದ. ಬೇಲೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ತಮ್ಮ ಅದನ್ನು ಬೆಂಗಳೂರಿನಿಂದ ತಂದುಕೊಟ್ಟಿದ್ದ. ನೋಡುವುದಕ್ಕೆ ಡಿವಿಡಿ ಪ್ಲೇಯರಿನ ಹಾಗೇ ಇತ್ತು, ಆದರೆ ಡಿಸ್ಕ್ ನುಂಗುವ ಬಾಯಿ ಇರಲಿಲ್ಲ. ಹೊಟ್ಟೆಯೊಳಗೆ ಇಪ್ಪತ್ತು ಜಿಬಿಯ ಹಾರ್ಡ್ ಡಿಸ್ಕ್. ಕಂಪ್ಯೂಟರಿಗೆ ಒಂದು ವೈರು ಜೋಡಿಸಿ ಹಾಡು ತುಂಬಿಸಬೇಕು, ರಿಮೋಟಿನಲ್ಲಿ ಒತ್ತಿ ಕೇಳಬೇಕು, ಅಷ್ಟೇ. ನಾನು ಅದನ್ನು ಕೇಳಿ ತರಿಸಿದ್ದು ಮಾವನವರಿಗಾಗಿ.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ಗಾಡಿಯ ಕೊನೇ ಡಬ್ಬಿಯಲ್ಲಿ ನಿಂತು ವರ್ಷಗಟ್ಟಲೆ ಹಸಿರು ಬಾವುಟ ಬೀಸಿದವರು. ರಿಟೈರ್ ಆದ ಮೇಲೆ ಕಣ್ಣಿನ ಒಳಗಿನ ಒತ್ತಡ ಏರಿ, ದೃಷ್ಟಿ ಅಂಚಿನಿಂದ ಕಟ್ಟುತ್ತಾ ಬಂದು, ಕೊನೆಗೆ ಪೂರ್ತಿ ಹೋಯಿತು. ಅವರು ಗೊಣಗುವವರಲ್ಲ. ಆದರೆ ಏನನ್ನಾದರೂ ಕೇಳಬೇಕಾದಾಗ ಅವರ ದನಿ ಸಣ್ಣಗಾಗುತ್ತಿತ್ತು. "ಅಮ್ಮಾ, ನನ್ನ ಚಪ್ಪಲಿ ಎಲ್ಲೈತೆ ಒಂಚೂರು ನೋಡ್ತೀಯಾ?" ಎನ್ನುವಾಗ ಪಕ್ಕದ ಮನೆಗೆ ಹೋಗಿ ಸಕ್ಕರೆ ಕೇಳುವವರ ಸಂಕೋಚ ಇರುತ್ತಿತ್ತು. ಸ್ವಂತ ಮನೆಯಲ್ಲಿ, ಸ್ವಂತ ಚಪ್ಪಲಿಗೆ! ಮರುಕ ಪಡಬೇಕಾದ ಕಡೆ ನನ್ನ ಬಾಯಲ್ಲಿ ಸಿಡುಕು ಬರುತ್ತಿತ್ತು. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಅವರ ಹತ್ತಿರ ಮೂವತ್ತರ ಆಸುಪಾಸು ಕ್ಯಾಸೆಟ್ಟುಗಳಿದ್ದವು. ವಚನ, ದಾಸರ ಪದ, ಹಳೇ ಚಿತ್ರಗೀತೆ, ಯಾವುದೋ ಮಠದಲ್ಲಿ ಯಾರೋ ಹಿಡಿದಿಟ್ಟ ಭಜನೆ. ಟೇಪ್ ರೆಕಾರ್ಡರ್ ಆಗಾಗ ಟೇಪನ್ನು ಸುತ್ತಿಕೊಳ್ಳುತ್ತಿತ್ತು, ಬಿಡಿಸಲು ಮತ್ತೆ ಯಾರನ್ನಾದರೂ ಕರೆಯಬೇಕು. ಅದಕ್ಕೇ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಪೆಟ್ಟಿಗೆಗೆ ಹಾಕಿಬಿಡೋಣ ಎಂದೆ. ಮೊದಲ ದಿನ ಮೈಕ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿದಾಗ ದಾಖಲಾದದ್ದೇ ಆ ಬೈಗುಳ. ಕೇಳಿಸ್ತಿದೆಯಾ ಎಂದರೆ ಅವರು ಕುರ್ಚಿಯಲ್ಲಿ ಕೂತು ತಲೆ ಆಡಿಸುತ್ತಿದ್ದರು. ಮೊದಲು ಪೆಟ್ಟಿಗೆಗೆ ಹೋದದ್ದು ಅದೇ. ಅದಾದ ಮೇಲೆ ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಫೋಲ್ಡರ್. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರೇ ಕೈಯಲ್ಲಿ ಸವರಿ ನೋಡಿ ಒಂದೊಂದಾಗಿ ಕೊಡುತ್ತಿದ್ದರು. ಒಂದು ಕೊಟ್ಟು, "ಇರು ಇರು, ಅದಲ್ಲ" ಎಂದು ಹಿಂದಕ್ಕೆ ತೆಗೆದುಕೊಂಡದ್ದೂ ಉಂಟು. ಮುದುಕರ ಚಾಳಿ ಎಂದುಕೊಂಡೆ.

ಆ ಪೆಟ್ಟಿಗೆಗೆ ಅಕ್ಷರಮಾಲೆ ಗೊತ್ತಿರಲಿಲ್ಲ. ಯಾವುದು ಮೊದಲು ಒಳಗೆ ಹೋಯಿತೋ ಅದನ್ನೇ ಮೊದಲು ಹಾಡುತ್ತಿತ್ತು. ಕರೆಂಟ್ ಹೋಗಿ ಬಂದರೆ ಪುನಃ ಮೊದಲಿಂದ ಶುರು. ಹಾಗಾಗಿ ದಿನಾ ನನ್ನ ಬೈಗುಳ. ಮನೆಗೆ ಬಂದ ನೆಂಟರು ಬೆಚ್ಚಿಬಿದ್ದು, ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ನನ್ನ ಗಂಡ, ಕೊಬ್ಬರಿ ಮಂಡಿಯಲ್ಲಿ ಕೆಲಸ, ಮಾತು ಕಮ್ಮಿ, "ಮಾರ್ಕೆಟ್‌ವರೆಗೂ ಕೇಳಿಸ್ತು ಕಣೇ" ಎಂದು ಚುಚ್ಚುತ್ತಿದ್ದರು. ನನಗೆ ನಾಚಿಕೆ. ತೆಗೆದುಹಾಕುತ್ತೇನೆ ಎಂದಾಗಲೆಲ್ಲ ಮಾವ, "ಇರ್ಲಿ ಬಿಡಮ್ಮ, ಅದೇನ್ ಮಾಡುತ್ತೆ" ಎನ್ನುತ್ತಿದ್ದರು. ಉಳಿದಂತೆ ಪೆಟ್ಟಿಗೆ ಪೂರ್ತಿ ಅವರದಾಯಿತು. ರಿಮೋಟ್ ತೊಡೆಯ ಮೇಲೆ ಇಟ್ಟುಕೊಂಡು ತಮಗೆ ಬೇಕಾದದ್ದನ್ನು ತಾವೇ ಹಾಕಿಕೊಳ್ಳುತ್ತಿದ್ದರು, ಯಾರನ್ನೂ ಒಂದು ಮಾತು ಕೇಳುತ್ತಿರಲಿಲ್ಲ. ಹೇಗೆ ಹುಡುಕುತ್ತಾರೆ ಎಂದು ನಾನೂ ಯೋಚಿಸಲಿಲ್ಲ.

ದನಿ ಕೆಡಬಾರದು ಎಂದು ನಾನು ಹಾಡುಗಳನ್ನು ಕುಗ್ಗಿಸದೆ ಹಾಕಿದ್ದರಿಂದ ಅಷ್ಟಕ್ಕೇ ಡಿಸ್ಕ್ ತುಂಬಿಹೋಗಿತ್ತು. ಇನ್ನೊಂದು ಹಾಡಿಗೆ ಜಾಗವಿಲ್ಲ. ಎಂಬತ್ತು ಜಿಬಿಯ ಡಿಸ್ಕ್ ಹಾಕಿದರೆ ಮಾವ ಜನ್ಮವಿಡೀ ಕೇಳಬಹುದು ಎಂದು ಒಂದು ಭಾನುವಾರ ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೇಲೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಹಳೇಬೀಡು ನನ್ನ ತವರು. ಅಮ್ಮ ಬಸ್‌ಸ್ಟ್ಯಾಂಡಿಗೇ ಬಂದು ಕಿಟಕಿಯಲ್ಲಿ ರೊಟ್ಟಿ ಬುತ್ತಿ ಕೊಟ್ಟಳು.

ತಮ್ಮನ ಅಂಗಡಿಯಲ್ಲಿ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದವಳು ನಾನೇ. ಹೊಸ ಡಿಸ್ಕ್ ಜೋಡಿಸಿದರೆ ಪೆಟ್ಟಿಗೆ ಅದನ್ನು ಗುರುತಿಸಲೇ ಇಲ್ಲ. ಡಿಸ್ಕಿನ ಹಿಂಭಾಗದಲ್ಲಿ ಎರಡು ಕಡ್ಡಿಗಳನ್ನು ಜೋಡಿಸುವ, ಅಕ್ಕಿಕಾಳಿನಷ್ಟು ಒಂದು ಜಂಪರ್ ಇರುತ್ತದೆ, ಅದನ್ನು ಒಂದು ಮನೆ ಆಚೆಗೆ ಸರಿಸಬೇಕಿತ್ತು. ತಮ್ಮ ಚಿಮಟ ಹುಡುಕುವಷ್ಟರಲ್ಲಿ ನಾನು ಉಗುರಿನಲ್ಲೇ ಎಬ್ಬಿಸಿ ಚುಚ್ಚಿದೆ. ಆಮೇಲೆ ನನ್ನ ಜಾಣತನ ಶುರುವಾಯಿತು. ಹೆಂಗೂ ಹೊಸ ಮನೆ, ಸಾಮಾನನ್ನು ಅಚ್ಚುಕಟ್ಟಾಗಿ ಜೋಡಿಸೋಣ ಎಂದುಕೊಂಡೆ. ಕ್ಯಾಸೆಟ್ಟಿನ ಫೋಲ್ಡರುಗಳನ್ನೆಲ್ಲ ಒಡೆದು ಭಕ್ತಿಗೀತೆ, ಚಿತ್ರಗೀತೆ, ಭಜನೆ ಎಂದು ಐದಾರು ದೊಡ್ಡ ಫೋಲ್ಡರ್ ಮಾಡಿದೆ. ಒಳಗೆ ಎಲ್ಲವೂ ಅಕಾರಾದಿ. ಹೊಸದಾಗಿ ಇನ್ನೂರು ಮುನ್ನೂರು ಹಾಡು ಸೇರಿಸಿದೆ. ನನ್ನ ಬೈಗುಳವನ್ನು ಹಿಗ್ಗಿನಿಂದ ಅಳಿಸಿದೆ. ಹೊರಡುವಾಗ ತಮ್ಮನಿಗೆ, "ಹಳೇ ಡಿಸ್ಕ್ ನೀನೇ ಇಟ್ಕೊಳೋ, ಖಾಲಿ ಮಾಡಿ ಯಾವುದಕ್ಕಾದ್ರೂ ಹಾಕು" ಎಂದೆ.

ಮನೆಗೆ ತಂದು ಹಾಕಿದರೆ ಮಾವ ಎರಡು ದಿನ ಒತ್ತಿ ನೋಡಿದರು. ಮೂರನೇ ದಿನದಿಂದ ಪೆಟ್ಟಿಗೆ ಮೌನ. ಶಾಲೆಯಿಂದ ಬಂದು "ಯಾಕೆ ಮಾವ, ಕೇಳ್ತಿಲ್ವಾ?" ಎಂದರೆ, "ಕೇಳ್ತೀನಿ ಬಿಡಮ್ಮ" ಎನ್ನುವರು. ಹೀಗೇ ಒಂದು ವಾರ. ನನಗೆ ಉರಿದುಹೋಯಿತು. ಒಂದು ಸಂಜೆ, "ನಾನು ಇಡೀ ಭಾನುವಾರ ಕೂತು ಮಾಡ್ಕೊಂಡ್ ಬಂದಿದೀನಿ. ನಿಮಗೆ ಬೇಡ ಅಂದ್ರೆ ಬೇಡ ಅನ್ನಿ, ವಾಪಸ್ ಕೊಟ್ಬಿಡ್ತೀನಿ!" ಎಂದುಬಿಟ್ಟೆ. ಮಾವ ತಲೆ ಆಡಿಸಿದರು. ಹೌದು ಎಂದೋ, ಅಲ್ಲ ಎಂದೋ ತಿಳಿಯಲಿಲ್ಲ. ಗಂಡ ಪೇಪರಿನ ಹಿಂದಿನಿಂದ ನನ್ನನ್ನು ಒಂದು ನೋಟ ನೋಡಿದರು.

ಮಾರನೇ ದಿನ ಶಾಲೆಗೆ ರಜೆ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಬಾಗಿಲಿನಿಂದ ನೋಡಿದೆ. ನಾನು ಮನೆಯಲ್ಲಿರುವುದು ಅವರಿಗೆ ಮರೆತಿತ್ತೋ ಏನೋ. ರಿಮೋಟ್ ಎತ್ತಿಕೊಂಡು, ಮುಂದಿನ ಫೋಲ್ಡರಿಗೆ ಹೋಗುವ ಉದ್ದನೆಯ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. "ಹೊನ್ನವಳ್ಳಿ ರೋಡ್... ತಿಪಟೂರು... ಕರಡಿ... ಬಾಣಸಂದ್ರ..." ಅಷ್ಟರಲ್ಲಿ ಪೆಟ್ಟಿಗೆಯಿಂದ ಧಡಧಡ ಎಂದು ಯಾವುದೋ ಕುಣಿತದ ಹಾಡು ಬಡಿಯಿತು. ಅವರು ಬೆಚ್ಚಿ ಅದನ್ನು ನಿಲ್ಲಿಸಿದರು. ರಿಮೋಟ್ ಪಕ್ಕಕ್ಕಿಟ್ಟು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಚಪ್ಪಲಿ ಕೇಳುವ ಅದೇ ಸಣ್ಣ ದನಿಯಲ್ಲಿ, "ಅಮ್ಮಾ, ಒಳಗಿದೀಯಾ? ಒಂಚೂರು ಬಂದು ಇದನ್ನ ಹಾಕ್ಕೊಡ್ತೀಯಾ?" ಎಂದರು.

ಕಾಯಿ ಹೋಳು ಕೆಳಗಿಟ್ಟು ಎದ್ದೆ. ಅವರ ಮನಸ್ಸಿನಲ್ಲಿ ಒಂದೊಂದು ಕ್ಯಾಸೆಟ್ಟೂ ಒಂದೊಂದು ಸ್ಟೇಷನ್ ಆಗಿತ್ತು. ಕ್ಯಾಸೆಟ್ ಸವರಿ ಸವರಿ ಕೊಟ್ಟದ್ದು ಅದಕ್ಕೇ. ಗುಂಡಿ ಒತ್ತಿದಂತೆ ಗಾಡಿ ಮುಂದಕ್ಕೆ, ಬೇಕಾದಲ್ಲಿ ಇಳಿಯುವುದು. ಆ ದಾರಿಗೆ ಅವರಿಗೆ ಕಣ್ಣು ಬೇಕಿರಲಿಲ್ಲ. ಇಡೀ ಮನೆಯಲ್ಲಿ ಯಾರನ್ನೂ ಕೇಳದೆ ಅವರು ಓಡಾಡುತ್ತಿದ್ದದ್ದು ಅದೊಂದೇ ದಾರಿಯಲ್ಲಿ. ನಾನು ಹೋಗಿ ಹಳಿಯನ್ನೇ ಕಿತ್ತು ಅಚ್ಚುಕಟ್ಟಾಗಿ ಪೇರಿಸಿಟ್ಟು ಬಂದಿದ್ದೆ. ಅದೂ ಸಾಲದೆಂದು ಬೈದಿದ್ದೆ ಬೇರೆ.

ತಮ್ಮನಿಗೆ ಫೋನ್ ಮಾಡಿ, "ಆ ಹಳೇ ಡಿಸ್ಕ್ ಮುಟ್ಟಬೇಡ ಕಣೋ!" ಎಂದೆ.

"ಯಾವ್ದೇ ಅಕ್ಕ? ಅದನ್ನ ಅವತ್ತೇ ಖಾಲಿ ಮಾಡಿ ಬಿಕ್ಕೋಡಿನವರೊಬ್ಬರ ಕಂಪ್ಯೂಟರಿಗೆ ಹಾಕ್ಕೊಟ್ಟೆ. ನೀನೇ ತಾನೇ ಹೇಳಿದ್ದು?"

"ಹೇಳಿದ್ದೆಲ್ಲ ಮಾಡ್ಬಿಡೋದಾ? ನಿನ್ನ ತಲೆ!" ಎಂದು ಫೋನ್ ಕುಕ್ಕಿದೆ. ಅವನದೇನೂ ತಪ್ಪಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಪೆಟ್ಟಿಗೆಗೆ ಹಾಕಿದ ಮೇಲೆ ಅಳಿಸಿದ್ದೆ, ಕ್ಯಾಸೆಟ್ಟುಗಳನ್ನು ನೋಡೋಣ ಎಂದರೆ, ಇನ್ನೇಕೆ ಎಂದು ನಾನೇ ಗುಜರಿಯವನಿಗೆ ಕೊಟ್ಟಿದ್ದೆ. ಹಾಡುಗಳೆಲ್ಲ ಇದ್ದವು. ಯಾವ ಹಾಡು ಯಾವ ಕ್ಯಾಸೆಟ್ಟಿನದು, ಯಾವುದರ ಹಿಂದೆ ಯಾವುದು ಎಂಬುದು ಈಗ ಒಬ್ಬರ ತಲೆಯಲ್ಲಿ ಮಾತ್ರ ಇತ್ತು.

ಮಾವನ ಮುಂದೆ ಹೋಗಿ ಕೂತೆ. "ತಪ್ಪಾಯ್ತು ಮಾವ" ಎಂದೆ. ಮದುವೆಯಾಗಿ ಬಂದ ಮೇಲೆ ಆ ಮಾತು ಅವರಿಗೆ ಹೇಳಿದ್ದು ಅದೇ ಮೊದಲು. "ಯಾಕೆ ಮೊದಲೇ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿ ತಂದಿದ್ದೆ. ಹೆಂಗಮ್ಮ ಹೇಳೋದು?"

ಕಂಪ್ಯೂಟರ್ ಮುಂದೆ ಅವರ ಕುರ್ಚಿ ಹಾಕಿದೆ. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಡಿಸ್ಕ್ ಖಾಲಿ ಮಾಡಿ, ಅವರು ಹೇಳಿದಂತೆ ಒಂದೊಂದೇ ಹಾಡು ತೆಗೆದು ಹಾಕತೊಡಗಿದೆ. "ತಿಪಟೂರಿನಲ್ಲಿ ಮೊದಲನೇದು ವಚನ, ಎರಡನೇದರಲ್ಲಿ ತಬಲಾದವನು ಕೆಮ್ತಾನೆ ನೋಡು" ಎನ್ನುತ್ತಿದ್ದರು. ಹಾಕಿ ಕೇಳಿದರೆ ನಿಜವಾಗಿಯೂ ಒಬ್ಬ ಕೆಮ್ಮುತ್ತಿದ್ದ! ನಿಟ್ಟೂರಿನಲ್ಲಿ ಒಂದು ಹಾಡು ಅವರಿಗೇ ಮರೆತಿತ್ತು. ಅರ್ಧ ದಿನ ಅಲ್ಲೇ ಗಾಡಿ ನಿಂತಿತು. ಊಟದ ನಡುವೆ ತಟ್ಟನೆ ನೆನಪಾಗಿ ಎಂಜಲು ಕೈಯಲ್ಲೇ ಎದ್ದರು. ಗುಬ್ಬಿಗೆ ಚಿತ್ರಗೀತೆ ಯಾಕೆ ಎಂದರೆ, ಅಲ್ಲಿ ಗಾಡಿ ಹತ್ತುತ್ತಿದ್ದ ಒಬ್ಬ ಹೂವಿನವನು ಅದನ್ನು ಗುನುಗುತ್ತಿದ್ದನಂತೆ. ಮೂರು ಭಾನುವಾರ ಹಿಡಿಯಿತು. ಹೊಸ ಹಾಡುಗಳನ್ನು ಎಲ್ಲಿ ಹಾಕಲಿ ಎಂದು ಕೇಳಿದೆ. "ಬೆಂಗಳೂರಿನಾಚೆ ಹಾಕು. ಆ ಕಡೆ ನನಗೆ ಡ್ಯೂಟಿ ಇರಲಿಲ್ಲ" ಎಂದರು.

ಎಲ್ಲ ಮುಗಿದ ಮೇಲೆ ರಿಮೋಟ್ ಕೈಗಿಟ್ಟೆ. ಹಾಕಿದರು. ಹೊನ್ನವಳ್ಳಿ ರೋಡಿನ ಹಾಡು ಶುರುವಾಯಿತು. ಅವರು ತಕ್ಷಣ ನಿಲ್ಲಿಸಿದರು.

"ಅರಸೀಕೆರೆ ಇಲ್ಲ ಕಣಮ್ಮ."

"ಯಾವುದು ಮಾವ ಅರಸೀಕೆರೆ?"

"ನೀನು ಬೈಯೋದು. ಅದೇ ಅಲ್ವಾ ಮೊದಲನೇದು? ದಾರಿ ತಪ್ಪಿದ್ರೆ ಪೆಟ್ಟಿಗೆ ಆರಿಸಿ ಹಾಕ್ತಿದ್ದೆ. ನಿನ್ನ ದನಿ ಬಂತು ಅಂದ್ರೆ ಊರಿಗೆ ಬಂದೆ ಅಂತ ಲೆಕ್ಕ. ಅಲ್ಲಿಂದ ಮತ್ತೆ ಹೊರಡೋದು."

ಮೈಕ್ ತೆಗೆದು ಜೋಡಿಸಿ, ಗೋಡೆಯ ಕಡೆ ತಿರುಗಿ ಕೂತು, "ಮಾವ, ಕೇಳಿಸ್ತಿದೆಯಾ?" ಎಂದು ಮೆತ್ತಗೆ ಹೇಳಿದೆ. ಅದನ್ನು ಹಾಕಿ ಕೇಳಿಸಿದರೆ, "ಇದು ಸ್ಟೇಷನ್ನಲ್ಲಿ ಅನೌನ್ಸ್ ಮಾಡೋ ಹುಡುಗಿ. ನೀನಲ್ಲ" ಎಂದರು. ಎರಡನೇ ಸಲ ಬೈಗುಳವನ್ನು ನೆನಪಿಸಿಕೊಂಡು ಹೇಳಿದೆ. ಶಾಲೆಯ ನಾಟಕದ ಹಾಗೆ ಕೇಳಿಸಿತು, ನನಗೇ ನಗು ಬಂತು. ಮೂರನೇ ಸಲ ಸುಮ್ಮನೆ ಕೇಳಿದೆ.

"ಮಾವ, ಕೇಳಿಸ್ತಿದೆಯಾ?"

ಸದ್ದಿಲ್ಲ. ಮತ್ತೆ ಕೇಳಿದೆ. ಸದ್ದಿಲ್ಲ. ತಿರುಗಿ ನೋಡಿದರೆ ಕುರ್ಚಿಯಲ್ಲಿ ಕೂತು ತಲೆ ಆಡಿಸುತ್ತಿದ್ದಾರೆ!

"ಅಯ್ಯೋ ಶಿವನೇ, ಮತ್ತೆ ತಲೆ ಆಡಿಸ್ತೀರಾ! ಬಾಯಿ ಬಿಟ್ಟು ಹೇಳ್ಬಾರದಾ ಮಾವ? ನೀವು ಹೇಳ್ದೇ ಹೋದ್ರೆ ನನಗೆ ಹೆಂಗ್ ಗೊತ್ತಾಗ್ಬೇಕು? ಹೆಂಗ್ ಗೊತ್ತಾಗ್ಬೇಕು ಹೇಳಿ?" ಎರಡನೇ ಸಲ ಹೆಂಗ್ ಎನ್ನುವಾಗ ನಾನು ಅಳುತ್ತಿದ್ದೆ.

"ಹೂಂ" ಎಂದರು ಮಾವ. "ಹೂಂ ಕಣಮ್ಮ. ಕೇಳಿಸ್ತೈತೆ."

ಮೈಕ್ ಚಾಲೂ ಇತ್ತು. ದಾಖಲಾದದ್ದನ್ನು ಕತ್ತರಿಸಲು ನನ್ನಿಂದಾಗಲಿಲ್ಲ, ಡಿಸ್ಕ್ ಮತ್ತೆ ಖಾಲಿ ಮಾಡಿ ಅದನ್ನು ಇದ್ದ ಹಾಗೇ ಮೊದಲನೇದಾಗಿ ಹಾಕಿ, ಉಳಿದದ್ದನ್ನು ಅದೇ ಸಾಲಿನಲ್ಲಿ ಹಿಂದೆ ಸೇರಿಸಿದೆ. ಮಾರನೇ ದಿನದಿಂದ ಕರೆಂಟ್ ಬಂದಾಗಲೆಲ್ಲ ನಮ್ಮ ಬೀದಿಗೆ ನನ್ನ ಬೈಗುಳ, ಅದರ ಹಿಂದೆಯೇ ಅವರ ಹೂಂ ಎರಡೂ ಕೇಳಿಸುತ್ತಿದ್ದವು. ಎದುರುಮನೆಯಾಕೆ ಮೋಟರ್ ಹಾಕುತ್ತಿದ್ದಳು. ಮಾವ ರಿಮೋಟ್ ಎತ್ತಿಕೊಂಡು, ಯಾರನ್ನೂ ಕೇಳದೆ, ಹೊನ್ನವಳ್ಳಿ ರೋಡಿನ ಕಡೆ ಹೊರಡುತ್ತಿದ್ದರು.