ಅತ್ತೆಯ ಬೋನು

ಎಪ್ಪತ್ತರ ದಶಕದಲ್ಲಿ ಶಹಾಬಾದಿನ ನಮ್ಮ ಮನೆಯಲ್ಲಿ ಬಿತ್ತನೆಯ ತೊಗರಿ ಚೀಲಗಳಿದ್ದವು. ಹೆಗ್ಗಣಗಳು ಹಿತ್ತಲಿನಲ್ಲಿ ಬಿಲ ತೋಡಿ, ಗೋಡೆಯ ಕೆಳಗಿನಿಂದ ಒಳಗೆ ನುಗ್ಗಿ ಚೀಲ ಕೊರೆದವು. ಅತ್ತೆ ತಂತಿಯ ಬೋನು ತರಿಸಿ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಚೂರು ಸಿಕ್ಕಿಸಿ, ಬಿಲದ ಬಾಯಿಗೆ ಇಟ್ಟರು.

ಹೆಗ್ಗಣ ಬಿಟ್ಟು ಬೇರೆ ಪ್ರಾಣಿಗಳೆಲ್ಲ ಅದರಲ್ಲಿ ಬಿದ್ದವು. ಮೊದಲು ಅಳಿಲು, ಅತ್ತೆಯ ಮಾತಿನಲ್ಲಿ ಇಣಚಿ; ಮರುದಿನ ಗೊರವಂಕ, ಆಮೇಲೆ ಮತ್ತೆ ಅಳಿಲು. ಶಾಲೆಗೆ ಪಾಠ ಹೇಳಲು ಹೊರಟ ನಾನು ದಿನವೂ ನಿರಿಗೆ ಎತ್ತಿ ಕಟ್ಟಿಕೊಂಡು ಅವನ್ನು ಬಿಡಿಸಬೇಕಿತ್ತು. ಒಂದು ಅಳಿಲಂತೂ ಬೆರಳು ಕಚ್ಚಿಯೇ ಹೋಯಿತು. ಹಗಲು ಬೋನು ಮುಚ್ಚಿಡೋಣವೆಂದರೆ ಆ ನಾಚಿಕೆಗೆಟ್ಟ ಹೆಗ್ಗಣಗಳು ಮಟಮಟ ಮಧ್ಯಾಹ್ನವೂ ತಿರುಗುತ್ತಿದ್ದವು. ನನಗೆ ಸಾಕುಸಾಕಾಗಿತ್ತು.

ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ರೊಟ್ಟಿಯ ಬದಲು ಒಣಮೀನು ಇಟ್ಟು ನೋಡಿ, ಅಳಿಲು, ಗೊರವಂಕ ಹತ್ತಿರ ಬರುವುದಿಲ್ಲ, ಹೆಗ್ಗಣ ಮಾತ್ರ ಬರುತ್ತದೆ ಎಂದು ಅವರು ಹೇಳಿದರು. ಒಂದು ತುಂಡು ಕೊಡಲೂ ಬಂದರು. ನಮ್ಮತ್ತೆ ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವರು. ಮೀನು ಈ ಹಿತ್ತಲಿಗೆ ಬಂದರೆ ತಾವು ಈ ಮನೆಯ ನೀರೂ ಮುಟ್ಟುವುದಿಲ್ಲ ಎಂದುಬಿಟ್ಟರು. ಹಾಗಾದರೆ ಬೋನನ್ನೇ ತೆಗೆಯಿರಿ ಎಂದೆ. ತೊಗರಿ ಹೋದರೆ ಬಿತ್ತುವುದೇನು ಎಂದು ನನ್ನನ್ನೇ ಕೇಳಿದರು. ಹೇಳಿ ಹೇಳಿ ನನ್ನ ಗಂಟಲು ಒಣಗಿತೇ ಹೊರತು ರೊಟ್ಟಿ ಬದಲಾಗಲಿಲ್ಲ.

ಬೇಸಿಗೆಯ ಒಂದು ದಿನ ನಾನು ಶಾಲೆಯಿಂದ ಬಂದಾಗ, ಬಿಲದ ಪಕ್ಕ ಹಾಸಿದ್ದ, ಬಿಸಿಲಿಗೆ ಕಾದ ಫರಸಿಕಲ್ಲಿನ ಮೇಲಿದ್ದ ಬೋನಿನಲ್ಲಿ ಅಳಿಲು ಸತ್ತು ಬಿದ್ದಿತ್ತು. ನಾನಿಲ್ಲದಾಗ ಬೋನು ನೋಡಿಕೊಳ್ಳಬೇಕಿದ್ದ ಅತ್ತೆಗೆ ಮಧ್ಯಾಹ್ನ ಜೊಂಪು ಹತ್ತಿತ್ತಂತೆ. ಅಳಿಲಿನ ಮೊಲೆಗಳಲ್ಲಿ ಹಾಲಿತ್ತು. ಬೇವಿನ ಗಿಡದ ಎತ್ತರದ ಪೊಟರೆಯೊಳಗೆ ಮರಿಗಳು ಚೀರುತ್ತಿದ್ದವು. ಏಣಿ ಹಚ್ಚಿದರೂ ಕೈ ಎಟುಕಲಿಲ್ಲ. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಅತ್ತೆಯ ಮುಖ ಕೂಡ ನೋಡದೆ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಪೊಟರೆ ಸುಮ್ಮನಾಗಿತ್ತು. ಅತ್ತೆ ಪೂಜೆ ಮುಗಿಸಿ, ಬೋನನ್ನು ಕೈಯಲ್ಲಿ ಹಿಡಿದುಕೊಂಡು ಆಪಾ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಹೊಸ್ತಿಲಲ್ಲಿ ನಿಂತು ಮೀನಿನ ತುಂಡು ಕೇಳಿದರು. ಆಪಾ ಗಾಬರಿಯಾಗಿ, "ಬೋನು ಇಲ್ಲಿ ಕೊಡ್ರಿ ಅಕ್ಕಾ, ನಾನೇ ಹಚ್ಚಿ ಕೊಡ್ತೀನಿ. ನೀವು ಮುಟ್ಟಬ್ಯಾಡ್ರಿ" ಎಂದರು.

ಅತ್ತೆ ಬಲಗೈ ಚಾಚಿದರು. "ಇಣಚಿ ಕೊಂದ ಕೈ ಅದ ಇದು," ಎಂದರು. "ಇನ್ನ ಮೀನ ಮುಟ್ಟಿದ್ರ ಏನ್ ಮೈಲಿಗಿ ಆಗ್ತದ, ಕೊಡ್ರಿ."