ಭಾಲ್ಕಿಯಲ್ಲಿ ಇನ್ನೂ ಗುರುವಾರ

ಸೋಮವಾರ, ಬೆಳಗ್ಗೆ ಹನ್ನೊಂದು. ಬೀದರಿನ ನಮ್ಮ ಕಣ್ಣಿನ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು, ಜೊತೆಗೆ ಸರ್ವರಿನ ಕೆಡುತ್ತಿದ್ದ ಡಿಸ್ಕ್ ಬದಲಿಸಲು ಬಂದ ಖಲೀಲ್ ಮಿಯಾ. ಫೋನಿನಲ್ಲಿ ಭಾಲ್ಕಿ ಶಾಖೆಯ ಶಿವಲೀಲಾ ಬಾಯಿ.

ಹೀಗೆ ಹಾಜರಿ ಬರೆದುಕೊಳ್ಳದೆ ನಾನು ಯಾವ ಕೆಲಸಕ್ಕೂ ಕೈ ಹಾಕುವವನಲ್ಲ. ಐದಕ್ಕೆ ಕುರ್ಚಿ ಬಿಟ್ಟೇಳುವುದೂ ಅಷ್ಟೇ ಖಚಿತ. ನಾನು ಮನೆಗೆ ಬಂದದ್ದು ನೋಡಿ ಮನೆಯವರು ಗಡಿಯಾರ ಸರಿಪಡಿಸಿಕೊಳ್ಳುತ್ತಾರೆ.

ರೋಗಿಗಳ ಡೇಟಾಬೇಸ್ ಇರುವುದು ಬೀದರಿನ ಸರ್ವರಿನಲ್ಲಿ. ಇಲ್ಲಿ ಬರೆದದ್ದನ್ನು ಭಾಲ್ಕಿಯ ಸ್ಟ್ಯಾಂಡ್‌ಬೈ ಸರ್ವರ್ ಒಂದೆರಡು ಕ್ಷಣ ತಡವಾಗಿ ತಾನೂ ಬರೆದುಕೊಳ್ಳುತ್ತದೆ. ಬೀದರಿಗೆ ಬಿಡುವಿಲ್ಲದ್ದರಿಂದ ಬ್ಯಾಕಪ್ ತೆಗೆಯುವುದು ಭಾಲ್ಕಿಯಿಂದ. ಆ ಯಂತ್ರವನ್ನು ನೆನೆದರೆ ನನಗೆ ಬಾಲ್ಯದ ಔರಾದ ಕಾಣುತ್ತದೆ. ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುವವರೆಗೆ ಊರೆಲ್ಲ ನಿನ್ನೆಯಲ್ಲೇ ತಣ್ಣಗೆ ಕುಳಿತಿರುತ್ತಿತ್ತು. ಬಸ್ಸು ಬರುವುದೇ ನಿಂತರೆ ಆಮೇಲೆ ನಾಲ್ಕು ದಿನದ್ದು ಒಟ್ಟಿಗೆ ಬರುತ್ತಿತ್ತು. ಅಪ್ಪ ಓದುತ್ತಿದ್ದುದು ಹಳೆಯದರಿಂದಲೇ. ಪಂದ್ಯ ಮುಗಿದು ಹೋಗಿದ್ದರೂ ನಮ್ಮ ಪಡಸಾಲೆಯಲ್ಲಿ ಆಗಷ್ಟೇ ಟಾಸ್ ಆಗುತ್ತಿತ್ತು.

"ಬ್ಯಾಕಪ್ ಆಗ್ಯಾದ್ರಿ ಸರ್. ಟಿಕ್ ಹೊಡ್ಕೋರಿ," ಎಂದರು ಶಿವಲೀಲಾ ಬಾಯಿ. ಖಲೀಲ್ ಮಿಯಾ ಸ್ಕ್ರೂಡ್ರೈವರ್ ಎತ್ತಿದರು.

ಪಟ್ಟಿಯಲ್ಲಿ ಟಿಕ್ ಹಾಕುವ ಮುಂಚೆ ಬ್ಯಾಕಪ್ಪಿನ ಕೊನೆಯ ಹೆಸರು ಕೇಳುವುದು ನನ್ನ ರೂಢಿ. ಇಲ್ಲಿನ ಕೊನೆಯ ಹೆಸರು ಔರಾದದ ಕಾಶೀಬಾಯಿ. ಇಂದು ಮೊದಲ ಬಸ್ಸಿಗೆ ಬಂದು, ಬುಧವಾರ ಎಡಗಣ್ಣಿನ ಆಪರೇಷನ್ ಎಂದು ಬರೆಸಿ ಹೋಗಿದ್ದರು.

"ಕಾಶೀಬಾಯಿ ಇಲ್ಲೇ ಇಲ್ರಿ. ಗುರುವಾರ ಬಂದಿದ್ದ ಹಲಬರ್ಗಾದ ಮಾಸ್ತರ್ರೇ ಕೊನಿಯವ್ರು."

"ಅದ್ಹ್ಯಾಂಗ್ರಿ?"

"ಗುರುವಾರ ಬ್ಯಾಕಪ್ ತೆಗಿಯುವಾಗ ನೀವೇ 'ಬರೆಯೋದು ನಿಲ್ಲಸ್ರಿ, ನಾ ಹೇಳ್ದಾಗ ಚಾಲೂ ಮಾಡ್ರಿ' ಅಂದಿದ್ರಿ. ಐದು ಹೊಡೀತು, ಎದ್ದು ಹೋದ್ರಿ. ನಮ್ಮ ಸರ್ವರ್ ಇನ್ನಾ ನಿಮ್ಮ ದಾರಿ ನೋಡ್ಲಿಕತ್ತದ."

"ಮಿಯಾ, ಕೈ ತೆಗೀರಿ," ಎಂದೆ. ಆ ಬ್ಯಾಕಪ್ಪನ್ನೇ ಹೊಸ ಡಿಸ್ಕಿಗೆ ತುಂಬಿದ್ದರೆ, ಬುಧವಾರ ಕಾಶೀಬಾಯಿ ಬಂದು ನಿಂತಾಗ ನಮ್ಮಲ್ಲಿ ಅವರ ಹೆಸರೂ ಇರುತ್ತಿರಲಿಲ್ಲ, ಯಾವ ಕಣ್ಣೆಂಬುದೂ.

ಶಿವಲೀಲಾ ಬಾಯಿ ಚಾಲೂ ಮಾಡಿದರು. ಬಂದು ಬಿದ್ದಿದ್ದರೂ ಬರೆದುಕೊಳ್ಳದಿದ್ದ ನಾಲ್ಕು ದಿನಗಳನ್ನು ಯಂತ್ರ ಅಪ್ಪನ ಹಾಗೆ ಹಳೆಯದರಿಂದ ಓದತೊಡಗಿತು. ಅವರು ಹೆಸರು ಹೇಳುತ್ತ ಹೋದರು. ನಾನು ಕಣ್ಣು ಮುಚ್ಚಿದೆ. ಶುಕ್ರವಾರ ಇನ್ನೊಮ್ಮೆ ನಡೆಯಿತು. ಜನವಾಡದ ಅಜ್ಜ ಮತ್ತೆ ಕನ್ನಡಕ ಮರೆತು ಹೋದ. ಶನಿವಾರದ ಬಿಸಿಲು ಮತ್ತೆ ಹೊಸ್ತಿಲವರೆಗೆ ಬಂದು ಹಿಂದೆ ಸರಿಯಿತು. ಮಿಯಾ ಒಂದು ಚಹಾ ಮುಗಿಸುವಷ್ಟರಲ್ಲಿ ಭಾಲ್ಕಿಯಲ್ಲಿ ನಾಲ್ಕು ಸಲ ಹೊತ್ತು ಮುಳುಗಿತ್ತು.

"ಕಾಶೀಬಾಯಿ ಬಂದ್ರು ನೋಡ್ರಿ. ಎಡಗಣ್ಣು."

ಮತ್ತೆ ಬ್ಯಾಕಪ್ ತೆಗೆದು, ಬೇರೊಂದು ಕಂಪ್ಯೂಟರಿಗೆ ತುಂಬಿ ಅದೇ ಹೆಸರು ಹುಡುಕಿ, ಡಿಸ್ಕ್ ಬದಲಿಸಿ ಮುಗಿಸುವಾಗ ಐದೂವರೆ. ಮನೆಯ ಗಡಿಯಾರ ಇಂದು ಅರ್ಧ ಗಂಟೆ ಹಿಂದೆ ಬೀಳಲಿದೆ. ಏಳುವ ಮುನ್ನ ಭಾಲ್ಕಿಗೆ ಫೋನ್ ಮಾಡಿದೆ.

"ಅಲ್ಲಿ ಈಗ ಯಾವ ವಾರ್ರಿ?"

"ಸೋಮವಾರ್ರಿ ಸರ್."

ಬರೆದುಕೊಂಡು ಟಿಕ್ ಹಾಕಿದೆ.